ಗುಲಾಬಿಗೆ ಪಂಪು ಬೇಡ, ಕತ್ತರಿ ಬೇಕು



ಮಳೆಗಾಲ ಹಿಂದೆ ಸರಿದು ಬಿಸಿಲು ಮುಖ ತೋರಿಸುವ ಹೊತ್ತಿಗೆ ಸಂಘದ ಮಳಿಗೆಗೆ ಬರುವ ಸದಸ್ಯರಲ್ಲಿ ಕೆಲವರು ಗೊಬ್ಬರದ ಚೀಟಿಯ ಜೊತೆಗೆ ಕಿಸೆಯಿಂದ ಒಂದು ಗುಲಾಬಿ ಎಲೆಯನ್ನೂ ಹೊರಗೆ ತೆಗೆಯುವುದುಂಟು. ಎಲೆಯ ಮೇಲೆ ಕಪ್ಪು ಚುಕ್ಕೆ, ಸುತ್ತಲೂ ಹಳದಿ. "ಮನೆಯವರು ಕೊಟ್ಟು ಕಳಿಸಿದ್ದಾರೆ, ಇದಕ್ಕೆ ಏನು ಹೊಡೆಯಬೇಕು?" ಎಂಬುದು ಪ್ರಶ್ನೆ. ಕಾಫಿ, ಅಡಿಕೆ, ಮೆಣಸಿನ ವಿಚಾರಕ್ಕೆ ಮೀಸಲಾದ ಈ ಪುಟದಲ್ಲಿ ಅಂಗಳದ ಗುಲಾಬಿಗೆ ಜಾಗ ಕೊಡಲು ಆ ಪ್ರಶ್ನೆಯೇ ಕಾರಣ. ಏನು ಹೊಡೆಯಬೇಕು ಎಂದು ಕೇಳುವ ಮೊದಲು ಏನನ್ನು ಕಡಿಯಬೇಕು ಎಂದು ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಮಲೆನಾಡಿನ ಅಂಗಳದಲ್ಲಿ ಗುಲಾಬಿಯನ್ನು ಉಳಿಸುವುದು ಕತ್ತರಿ, ಬಿಸಿಲು ಮತ್ತು ಗಾಳಿ. ತೋಟದ ಔಷಧಿಯನ್ನು ಅಂಗಳಕ್ಕೆ ತಂದು ಸುರಿಯುವ ಅಭ್ಯಾಸ ಗಿಡಕ್ಕೂ ಒಳ್ಳೆಯದಲ್ಲ, ಮನೆಯವರಿಗೆ ಮೊದಲೇ ಒಳ್ಳೆಯದಲ್ಲ.

ತೋಟದಲ್ಲಿ ಪಂಡಿತರು, ಅಂಗಳದಲ್ಲಿ ಅಪರಿಚಿತರು

ಕಾಫಿ ಗಿಡದ ಕಪಾತಿನ ವಿಷಯದಲ್ಲಿ ನಮ್ಮ ಬೆಳೆಗಾರರಿಗೆ ಪಾಠ ಹೇಳಲು ಹೊರಟರೆ ನಗೆಪಾಟಲಾದೇವು. ಕೊಯ್ಲು ಮುಗಿದ ಮೇಲೆ ಒಣಗಿದ ರೆಂಬೆ, ಒಂದರ ಮೇಲೊಂದು ಬಿದ್ದ ರೆಂಬೆ, ಫಸಲು ಕೊಟ್ಟು ಸೋತ ರೆಂಬೆ ತೆಗೆಯಬೇಕು. ಗಿಡದ ನಡು ಬಿಡಿಸಬೇಕು. ಮಳೆಗಾಲದಲ್ಲಿ ಕಂಬಚಿಗುರು ಮುರಿಯಬೇಕು. ಮರಗಸಿ ಮಾಡಿ ಬೆಳಕು ಬಿಡಬೇಕು. ಇದೆಲ್ಲ ನಮ್ಮಲ್ಲಿ ಓದು ಬರಹ ಬಾರದ ಆಳಿಗೂ ಗೊತ್ತು. ಗಿಡದೊಳಗೆ ಗಾಳಿ ಆಡದಿದ್ದರೆ ಕೊಳೆ ಬರುತ್ತದೆ, ಹಳೆಯ ಕಡ್ಡಿಯನ್ನೇ ನಂಬಿ ಕೂತರೆ ಫಸಲು ಇಳಿಯುತ್ತದೆ ಎಂಬುದನ್ನು ನಾವು ನಷ್ಟ ತಿಂದೇ ಕಲಿತವರು.

ಅದೇ ಬೆಳೆಗಾರನ ಮನೆಯ ಮುಂದೆ ಆಳೆತ್ತರ ಬೆಳೆದ ಗುಲಾಬಿ ಗಿಡವೊಂದು ನಿಂತಿರುತ್ತದೆ. ಬುಡದಲ್ಲಿ ಕಪ್ಪಾಗಿ ಒಣಗಿದ ಐದಾರು ಕಡ್ಡಿ, ನಡುವೆ ಮುಳ್ಳಿನ ಗೋಜಲು, ತುದಿಯಲ್ಲಿ ನಾಲ್ಕು ಎಲೆ, ಹಬ್ಬಕ್ಕೊಮ್ಮೆ ಒಂದು ಹೂವು. ಇಂಥ ಕಾಫಿ ಗಿಡವೊಂದು ತೋಟದಲ್ಲಿದ್ದರೆ ಮೇಸ್ತ್ರಿಗೆ ಬೈಗುಳ ತಪ್ಪುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಗಿಡ ಸತ್ತರೆ ವ್ಯಾನಿನಲ್ಲಿ ಬರುವ ಗಿಡದವರಿಂದ ಹೂವಿರುವ ಹೊಸ ಕೊಟ್ಟೆ ಗಿಡ ಕೊಳ್ಳುವುದು, ಅದೂ ಎರಡು ಮಳೆಗಾಲ ಕಂಡು ಸಾಯುವುದು, ಮತ್ತೆ ಕೊಳ್ಳುವುದು. "ನಮ್ಮ ಮಣ್ಣಿಗೆ ಗುಲಾಬಿ ಆಗುವುದಿಲ್ಲ" ಎಂಬ ತೀರ್ಪು ಕೊನೆಗೆ ಉಳಿಯುತ್ತದೆ. ಮಣ್ಣಿನ ಮೇಲೆ ಹೊರಿಸಿದ ಈ ಆರೋಪ ಸರಿಯಲ್ಲ. ಕಾಫಿಗೆ ಬೇಕಾದ ಹುಳಿ ಅಳತೆ, ಅಂದರೆ ರಸಸಾರ 6ರಿಂದ 6.5, ಗುಲಾಬಿಗೂ ಒಗ್ಗುತ್ತದೆ. ಸುಣ್ಣ ಹಾಕಿ ತೋಟದ ಮಣ್ಣನ್ನು ಸರಿಪಡಿಸುವವರಿಗೆ ಅಂಗಳದ ನಾಲ್ಕು ಗುಂಡಿ ದೊಡ್ಡದೇನಲ್ಲ.

ಕಷ್ಟ ಇರುವುದು ಮಳೆಯಲ್ಲಿ

ಗುಲಾಬಿಯ ಬಗ್ಗೆ ನಮ್ಮವರು ಕೇಳಿದ ಸಲಹೆಯೆಲ್ಲ ಹೆಚ್ಚಾಗಿ ಬೆಂಗಳೂರಿನದು. ಲಾಲ್‌ಬಾಗಿನ ಗುಲಾಬಿ ಪಾತಿ ನೋಡಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳ ವಿಷಯ ಕೇಳಿ ಆಸೆಪಡುವುದು ತಪ್ಪಲ್ಲ. ಆದರೆ ಬೆಂಗಳೂರಿಗೆ ವರ್ಷಕ್ಕೆ 40 ಇಂಚಿನೊಳಗೆ ಮಳೆ. ನಮ್ಮಲ್ಲಿ 100 ಇಂಚು ಬಿದ್ದ ವರ್ಷವನ್ನು ಎಷ್ಟೋ ಊರುಗಳಲ್ಲಿ ಸಾಧಾರಣ ಮಳೆ ಎಂದೇ ಕರೆಯುತ್ತೇವೆ. ಆಗುಂಬೆಯ ಸರಾಸರಿಯಂತೂ 7,000 ಮಿಲಿಮೀಟರಿನ ಮೇಲೆ. ಊಟಿಯ ಸರ್ಕಾರಿ ಗುಲಾಬಿ ತೋಟ 1995ರಲ್ಲಿ ಶುರುವಾಗಿ 2006ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಪ್ರಶಸ್ತಿ ಪಡೆಯಿತು, ನಿಜ. ಅಲ್ಲಿಯ ಎತ್ತರ, ಚಳಿ, ಬಿಸಿಲು ನಮ್ಮ ಅಂಗಳಕ್ಕೆ ಬರುವುದಿಲ್ಲ. ಪ್ರವಾಸದಲ್ಲಿ ಕೊಂಡು ತಂದ ಗಿಡ ಆಟಿ ತಿಂಗಳ ಮಳೆಯಲ್ಲಿ ಬೋಳಾಗುವುದು ಅದರಿಂದಲೇ.

ಬೋಳಾಗಿಸುವುದು ಕಪ್ಪು ಚುಕ್ಕೆ ರೋಗ. ಇದೊಂದು ಶಿಲೀಂಧ್ರ. ಬಿದ್ದ ಎಲೆಯ ಮೇಲೂ ಎಳೆಯ ಕಡ್ಡಿಯ ಗಾಯದಲ್ಲೂ ಬದುಕಿರುತ್ತದೆ. ಮಳೆಹನಿ ಸಿಡಿದಾಗ ಕೆಳಗಿನ ಎಲೆಗೆ ಹಾರುತ್ತದೆ. ಎಲೆ ಸುಮಾರು ಏಳು ಗಂಟೆ ಕಾಲ ಒದ್ದೆಯಾಗಿಯೇ ಇದ್ದರೆ ಅಲ್ಲಿ ಬೇರೂರುತ್ತದೆ. ಎಲೆ ಬೇಗ ಒಣಗಿದರೆ ಅದರ ಆಟ ನಡೆಯುವುದಿಲ್ಲ. ಮಳೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಎರಡು ಮಳೆಯ ನಡುವಿನ ಹೊಳವಿನಲ್ಲಿ ಎಲೆ ಒಣಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ನಡು ಬಿಡಿಸಿದ ಗಿಡ ಬೇಗ ಒಣಗುತ್ತದೆ, ಗೋಜಲು ಗಿಡ ಒಣಗುವುದಿಲ್ಲ. ಕಪಾತಿನ ಲಾಭದ ಲೆಕ್ಕವೆಲ್ಲ ಇಷ್ಟರಲ್ಲೇ ಅಡಗಿದೆ.

ಅಡಿಕೆಯ ಎಲೆಚುಕ್ಕೆ ರೋಗದಿಂದ ಈಚಿನ ವರ್ಷಗಳಲ್ಲಿ ನೊಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗದ ಸೋಗೆಯನ್ನು ಮರದ ಬುಡದಲ್ಲೇ ಬಿಟ್ಟು ಮೇಲೆ ಎಷ್ಟು ಸಿಂಪಡಿಸಿದರೂ ಖರ್ಚೇ ಹೊರತು ಗುಣ ಕಾಣದು. ಗುಲಾಬಿಯದೂ ಅದೇ ನ್ಯಾಯ.

ಮಿಕ್ಕ ಔಷಧಿಯ ದಾರಿ

ಈಗ ಕಹಿ ಮಾತು. ತೋಟಕ್ಕೆ ಹೊಡೆದು ಮಿಕ್ಕ ಔಷಧಿಯನ್ನು "ಯಾಕೆ ಹಾಳು ಮಾಡುವುದು" ಎಂದು ಮನೆಗೆ ಬಂದು ಗುಲಾಬಿಗೆ ಹೊಡೆಯುವುದು, ಮೆಣಸಿಗೆಂದೋ ಬಾಳೆಗೆಂದೋ ತಂದಿಟ್ಟ ಹರಳನ್ನು ಗುಲಾಬಿ ಬುಡಕ್ಕೆ ಒಂದು ಮುಷ್ಟಿ ಹಾಕುವುದು ನಮ್ಮಲ್ಲಿ ಅಪರೂಪವಲ್ಲ. ಕಾಂಡಕೊರಕಕ್ಕೆಂದು ತಂದ ಕೀಟನಾಶಕ ಕಪ್ಪು ಚುಕ್ಕೆಗೆ ಏನನ್ನೂ ಮಾಡದು; ಅದು ಹುಳುವಿನ ಔಷಧಿ, ಇದು ಶಿಲೀಂಧ್ರ. ಕೊಳೆರೋಗಕ್ಕೆ ಮಾಡಿದ 1 ಪ್ರತಿಶತ ಬೋರ್ಡೊ ದ್ರಾವಣವನ್ನು ಎಳೆಯ ಗುಲಾಬಿ ಎಲೆಗೆ ಹೊಡೆದರೆ ತಂಪು ಹವೆಯಲ್ಲಿ ಎಲೆ ಸುಟ್ಟು ಉದುರುವ ಸಂಭವ ಹೆಚ್ಚು. ಉದುರಿದ್ದನ್ನು ರೋಗವೆಂದು ತಿಳಿದು ಇನ್ನೊಂದು ಸಲ ಹೊಡೆಯುವವರೂ ಇದ್ದಾರೆ.

ಗುಲಾಬಿ ಎಲ್ಲಿರುತ್ತದೆ ಎಂಬುದನ್ನು ಯೋಚಿಸಿ. ಮಕ್ಕಳು ಆಡುವಲ್ಲಿ, ಬಟ್ಟೆ ಒಣಗಿಸುವಲ್ಲಿ, ಬಾವಿಯಿಂದ ಹತ್ತು ಮಾರು ದೂರದಲ್ಲಿ, ಕೋಳಿ ಕೆದಕುವಲ್ಲಿ. ಹೂವನ್ನು ಬೆಳಗಿನ ಜಾವ ಬರಿಗೈಯಲ್ಲಿ ಕೊಯ್ಯುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ, ದೇವರಿಗೆ ಇಡುತ್ತಾರೆ, ಮುಡಿಯುತ್ತಾರೆ. ಪನ್ನೀರು ಗುಲಾಬಿಯ ಎಸಳಿನಿಂದ ಗುಲ್ಕಂದು ಮಾಡುವ ಮನೆಗಳೂ ಇವೆ. ಕಾಫಿ ಹಣ್ಣನ್ನು ತಿರುಳು ಬಿಡಿಸಿ, ಒಣಗಿಸಿ, ಹುರಿದು ಕುಡಿಯುತ್ತೇವೆ. ಗುಲಾಬಿಗೆ ಆ ಯಾವ ತಡೆಯೂ ಇಲ್ಲ.

ಎಂಡೋಸಲ್ಫಾನಿನ ಕಥೆ ನಮಗೆ ದೂರದ್ದಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಟಗಳ ಸುತ್ತಲಿನ ಜನ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. 2011ರಲ್ಲಿ ಮೊದಲು ರಾಜ್ಯ ಸರ್ಕಾರ, ಅನಂತರ ಸುಪ್ರೀಂ ಕೋರ್ಟು ಅದನ್ನು ತಡೆದವು. ಫೋರೇಟ್ ಹರಳಿನ ಮಾರಾಟ, ಬಳಕೆ 2020ರ ಡಿಸೆಂಬರ್ ಕೊನೆಗೆ ನಿಲ್ಲಬೇಕೆಂದು ಕೇಂದ್ರ ಸರ್ಕಾರದ ಆದೇಶವಾಯಿತು. 2023ರಲ್ಲಿ ಮೊನೊಕ್ರೊಟೊಫಾಸ್ 36 ದ್ರಾವಣವೂ ನಿಷೇಧದ ಪಟ್ಟಿ ಸೇರಿತು. ಉಗ್ರಾಣದ ಮೂಲೆಯಲ್ಲಿ ಇವುಗಳ ಹಳೆಯ ಡಬ್ಬಿ ಇನ್ನೂ ಇದ್ದರೆ ಅದನ್ನು ಖಾಲಿ ಮಾಡುವ ಜಾಗ ಗುಲಾಬಿ ಪಾತಿಯಲ್ಲ, ಹೊಳೆಯೂ ಅಲ್ಲ. ಬೀಗ ಹಾಕಿ ಬೇರೆ ಇಟ್ಟು, ವಿಲೇವಾರಿಯ ಕ್ರಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಇಂದಿಗೂ ಮಾರಾಟದಲ್ಲಿರುವ ಔಷಧಿಯನ್ನು ಡಬ್ಬಿಯ ಮೇಲೆ ಹೆಸರಿಸಿದ ಬೆಳೆಗೆ, ಹೆಸರಿಸಿದ ಪ್ರಮಾಣದಲ್ಲಿ ಮಾತ್ರ ಬಳಸಬೇಕು.

ಯಾವಾಗ ಕಡಿಯಬೇಕು

ಬೆಂಗಳೂರಿನ ಕಡೆ ಜೂನ್‌ನಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಕಪಾತು ಮಾಡುವ ರೂಢಿಯಿದೆ. ಘಟ್ಟದ ಮೇಲಿನ ನಮಗೆ ಜೂನ್ ಕಪಾತು ಬೇಡ. ಗಟ್ಟಿಯಾಗಿ ಕಡಿದರೆ ಎಳೆ ಚಿಗುರು ಸರಿಯಾಗಿ ಜಡಿಮಳೆಯ ಬಾಯಿಗೆ ಸಿಕ್ಕಿ ಕೊಳೆಯುತ್ತದೆ. ಮೇ ಕೊನೆಯಲ್ಲಿ ಕೈಯಾಡಿಸಿದಂತೆ ಮಾಡಿದರೆ ಸಾಕು: ಒಣ ಕಡ್ಡಿ ತೆಗೆದು, ನಡು ಬಿಡಿಸಿ, ನೆಲದಿಂದ ಒಂದು ಅಡಿಯವರೆಗಿನ ಎಲೆ ಕಿತ್ತರೆ ಕೆಸರು ಸಿಡಿದು ರೋಗ ಹತ್ತುವುದು ಕಡಿಮೆಯಾಗುತ್ತದೆ.

ಮುಖ್ಯ ಕಪಾತಿಗೆ ಕಾಲ ತುಲಾ ಸಂಕ್ರಮಣದಿಂದ ಮುಂದಿನ ಮೂರು ನಾಲ್ಕು ವಾರ, ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ಭಾಗ. ಹಿಂಗಾರು ಸುರಿಯುತ್ತಿದ್ದರೆ ಎರಡು ಮೂರು ದಿನದ ಹೊಳವು ನೋಡಿಕೊಳ್ಳಬೇಕು. ಕಡಿದ ಬಾಯಿ ಒಣಗಲು ಸಮಯ ಬೇಕು. ಕಡಿದ ಸುಮಾರು 45 ದಿನಕ್ಕೆ ಹೂವು. ದೀಪಾವಳಿಯ ಆಜುಬಾಜಿನಲ್ಲಿ ಕಡಿದರೆ ಡಿಸೆಂಬರ್‌ನಲ್ಲಿ ಗಿಡ ತುಂಬುತ್ತದೆ, ಸಂಕ್ರಾಂತಿಗೂ ಹೂವಿರುತ್ತದೆ. ಅರೇಬಿಕಾ ಕೊಯ್ಲಿನ ನೂಕುನುಗ್ಗಲು ಶುರುವಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಹತ್ತು ಗಿಡಕ್ಕೆ ಅರ್ಧ ದಿನದ ಕೆಲಸ.

ಹೇಗೆ ಕಡಿಯಬೇಕು

ಆಯುಧ ಹರಿತವಾಗಿರಬೇಕು. ಮೊಂಡು ಕತ್ತಿಯಲ್ಲಿ ಕಡಿದ ಕಡ್ಡಿ ಜಜ್ಜಿ ಸೀಳುತ್ತದೆ, ಸೀಳಿದಲ್ಲಿಂದ ಕಡ್ಡಿ ಕಪ್ಪಾಗಿ ಕೆಳಗಿಳಿಯುವ ತುದಿ ಒಣಗು ರೋಗ ಶುರು. ಕಪಾತು ಕತ್ತರಿ, ಹೆಬ್ಬೆರಳು ಗಾತ್ರದ ಕಡ್ಡಿಗೆ ಸಣ್ಣ ಕೈಗರಗಸ, ದಪ್ಪ ಕೈಚೀಲ, ಬಾಯಿ ಒರೆಸಲು ಸ್ಪಿರಿಟ್ಟಿನ ಬಟ್ಟೆ: ಇಷ್ಟೇ ಸರಂಜಾಮು. ರೋಗದ ಗಿಡದಿಂದ ಒಳ್ಳೆಯ ಗಿಡಕ್ಕೆ ಹೋಗುವಾಗ ಕತ್ತರಿ ಒರೆಸಬೇಕು.

ಮೊದಲು ಸತ್ತ ಕಡ್ಡಿ. ಕಡಿದ ಮೇಲೆ ತಿರುಳನ್ನು ನೋಡಬೇಕು. ಕಂದು ಇದ್ದರೆ ಇನ್ನೂ ಒಂದಿಂಚು ಕೆಳಗೆ, ಮತ್ತೂ ಕಂದಿದ್ದರೆ ಇನ್ನೊಂದಿಂಚು. ಬೆಳ್ಳಗೆ ಇಲ್ಲವೇ ತಿಳಿ ಹಸುರಾಗಿ ಕಾಣುವ ತನಕ ಕೈ ನಿಲ್ಲಿಸಬಾರದು. ಅರೆಮನಸ್ಸಿನಿಂದ ಬಿಟ್ಟ ಕಂದು ತಿರುಳೇ ಮುಂದಿನ ಮಳೆಗಾಲಕ್ಕೆ ಇಡೀ ಕಡ್ಡಿಯನ್ನು ನುಂಗುತ್ತದೆ.

ಎರಡನೆಯದು ಬುಡದ ಕಳ್ಳ ಚಿಗುರು. ತೋಟದಲ್ಲಿ ನಾವು ಮರಗಸಿ ಎನ್ನುವುದು ಕಡಿಯುವ ಕೆಲಸಕ್ಕೆ. ನರ್ಸರಿಯವರು ಕಸಿ ಎನ್ನುವುದು ಕಾಡು ಜಾತಿಯ ಬೇರಿನ ಮೇಲೆ ಒಳ್ಳೆಯ ಜಾತಿಯ ಕಣ್ಣು ಕೂರಿಸುವುದಕ್ಕೆ. ಕೊಟ್ಟೆಯಲ್ಲಿ ಬರುವ ದೊಡ್ಡ ಹೂವಿನ ಗುಲಾಬಿಗಳೆಲ್ಲ ಬಹುಮಟ್ಟಿಗೆ ಕಸಿ ಗಿಡಗಳು. ಬುಡದಲ್ಲಿ ಗಂಟೊಂದು ಕಾಣುತ್ತದೆ. ಗಂಟಿನ ಕೆಳಗಿನಿಂದ ಎದ್ದ ಚಿಗುರು ಬೇರಿನ ಜಾತಿಯದು. ಬಿಟ್ಟರೆ ರಭಸವಾಗಿ ಬೆಳೆದು ಮೇಲಿನ ಗಿಡವನ್ನು ಸಾಯಿಸುತ್ತದೆ. "ಕೆಂಪು ಗುಲಾಬಿ ಎರಡೇ ವರ್ಷಕ್ಕೆ ಸಣ್ಣ ಬಿಳಿ ಹೂ ಬಿಡತೊಡಗಿತು, ಮೋಸದ ಗಿಡ" ಎಂದು ದೂರುವವರ ಅಂಗಳದಲ್ಲಿ ನಡೆದಿರುವುದು ಇದೇ. ಕೊಲುಬ್ರಿನಂ ಹಿಪ್ಪಲಿಯ ಮೇಲೆ ಕಸಿ ಮಾಡಿದ ಕಾಳುಮೆಣಸು ಬೆಳೆಸಿದವರಿಗೆ ಈ ಕಾಟ ಗೊತ್ತಿದೆ. ಎಲೆಯ ಎಣಿಕೆ ನಂಬಿ ತೀರ್ಮಾನಿಸದೆ, ಮಣ್ಣು ಸರಿಸಿ ಚಿಗುರು ಹುಟ್ಟಿದ ಜಾಗ ನೋಡಬೇಕು. ಗಂಟಿನ ಕೆಳಗಿದ್ದರೆ ಕತ್ತರಿಸದೆ ಬುಡಸಮೇತ ಎಳೆದು ಕೀಳಬೇಕು. ಕತ್ತರಿಸಿದರೆ ಒಂದಕ್ಕೆ ಮೂರು ಏಳುತ್ತದೆ. ಗಂಟಿನ ಮೇಲಿನಿಂದ ಎದ್ದ ದಪ್ಪ ಕೆಂಪು ಚಿಗುರನ್ನು ಮಾತ್ರ ಕಾಪಾಡಬೇಕು. ಮುಂದಿನ ವರ್ಷದ ಹೂವು ಅದರ ಮೇಲಿದೆ. ಕಾಫಿಯ ಅಭ್ಯಾಸದಲ್ಲಿ ಅದನ್ನು ಕಂಬಚಿಗುರೆಂದು ಮುರಿದುಹಾಕುವುದು ನಮ್ಮ ಬೆಳೆಗಾರರು ವಿಶೇಷವಾಗಿ ಮಾಡುವ ತಪ್ಪು.

ಇನ್ನೊಂದು ತಪ್ಪೂ ಅದೇ ಅಭ್ಯಾಸದಿಂದ ಬರುವುದು. ಮುದಿ ಕಾಫಿ ಗಿಡವನ್ನು ಬುಡಕ್ಕೆ ಕಡಿದು ಹೊಸ ಕಾಂಡ ಎಬ್ಬಿಸಿದ ಹಾಗೆ ಮುದಿ ಗುಲಾಬಿಯನ್ನೂ ನೆಲಸಮ ಮಾಡಿದರೆ ಕಸಿ ಗಂಟೇ ಹೋಗಿ ಕಾಡು ಜಾತಿ ಉಳಿಯುತ್ತದೆ. ಮುದಿ ಗುಲಾಬಿಗೆ ಮೂರು ವರ್ಷದ ಅವಧಿ ಕೊಡಬೇಕು. ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಹಳೆಯ ಕಡ್ಡಿಯನ್ನು ಗಂಟಿನ ಮೇಲೆಯೇ ತೆಗೆಯುತ್ತ ಹೋದರೆ ಗಿಡ ಹೂವು ನಿಲ್ಲಿಸದೆ ಹೊಸದಾಗುತ್ತದೆ.

ಮೂರನೆಯದು ನಡು ಬಿಡಿಸುವುದು: ಒಳಮುಖವಾಗಿ ಬೆಳೆದದ್ದು, ಒಂದಕ್ಕೊಂದು ಉಜ್ಜುವುದು, ಸೀಸದ ಕಡ್ಡಿಗಿಂತ ಸಣ್ಣದು, ಎಲ್ಲ ಹೋಗಬೇಕು. ಉಳಿದ ನಾಲ್ಕರಿಂದ ಆರು ಗಟ್ಟಿ ಕಡ್ಡಿಗಳು ಬಟ್ಟಲಿನ ಆಕಾರದಲ್ಲಿ ಹೊರಕ್ಕೆ ಬಾಗಿ ನಿಲ್ಲಬೇಕು.

ನಾಲ್ಕನೆಯದು ಎತ್ತರ ಇಳಿಸುವುದು. ಒಂದೂವರೆಯಿಂದ ಎರಡು ಅಡಿ, ಅಂದರೆ ಮೊಣಕಾಲೆತ್ತರ ಅಥವಾ ಸ್ವಲ್ಪ ಮೇಲೆ. ಹೊರಮುಖವಾಗಿರುವ ಕಣ್ಣು ನೋಡಿ, ಅದರ ಮೇಲೆ ಕಾಲಿಂಚು ಬಿಟ್ಟು, ಕಣ್ಣಿನ ಕಡೆ ಎತ್ತರ ಇದ್ದು ಆಚೆಗೆ ಇಳಿಜಾರಾಗುವಂತೆ ಓರೆಯಾಗಿ ಕತ್ತರಿಸಬೇಕು. ನೀರು ಕಣ್ಣಿನ ಮೇಲೆ ನಿಲ್ಲದೆ ಜಾರುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಗೇಣುದ್ದ ಬಿಟ್ಟು ಕಡಿಯಿರಿ ಎಂದಿರುವುದು ಹಿಮ ಬೀಳುವ ದೇಶಕ್ಕೆ. ಅಲ್ಲಿ ಗಿಡ ಚಳಿಗಾಲದಲ್ಲಿ ಮಲಗುತ್ತದೆ. ನಮ್ಮ ಗಿಡ ಮಲಗುವುದೇ ಇಲ್ಲ; ಅದರ ಆಹಾರ ಕಡ್ಡಿಯಲ್ಲೂ ಎಲೆಯಲ್ಲೂ ಇದೆ. ಬಡಕಲು ಗಿಡವನ್ನು ಗೇಣಿಗೆ ಇಳಿಸಿದರೆ ಮತ್ತೆ ಏಳದಿರಬಹುದು.

ದಪ್ಪ ಗಾಯಗಳಿಗೆ ಅದೇ ದಿನ ಬೋರ್ಡೊ ಮುಲಾಮು ಸವರಬೇಕು. 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಬೀದಿಯ ಎಲ್ಲ ಮನೆಗೂ ಸಾಕಾಗುತ್ತದೆ. ಎಲೆಯಿಲ್ಲದ ಬೋಳು ಕಡ್ಡಿಗೆ 1 ಪ್ರತಿಶತ ಬೋರ್ಡೊವನ್ನು ಒಮ್ಮೆ ಹೊಡೆದರೂ ಬಾಧಕವಿಲ್ಲ. 1910ರ ಸುಮಾರಿಗೆ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಮೈಸೂರು ಸೀಮೆಯಲ್ಲಿ ರೂಢಿಗೆ ತಂದ ಆ ಮೈಲುತುತ್ತಿನ ಗುಣವೇ ತಡೆಯುವುದು. ಬಂದ ರೋಗವನ್ನು ಅದು ಗುಣಪಡಿಸುವುದಿಲ್ಲ ಎಂಬುದು ಗುಲಾಬಿಗೂ ಅನ್ವಯ.

ಕೊನೆಗೆ, ಕಡಿದದ್ದನ್ನೂ ಉದುರಿದ ಎಲೆಯನ್ನೂ ಗುಡಿಸಿ ಸುಡಬೇಕು. ಗೊಬ್ಬರ ಗುಂಡಿಗೆ ಹಾಕಿದರೆ ರೋಗವನ್ನು ಮನೆಯಲ್ಲೇ ಸಾಕಿದಂತೆ.

ಊರ ಗುಲಾಬಿಗಳ ಪರವಾಗಿ

ಮೇಲಿನದೆಲ್ಲ ಉದ್ದ ಕಾಲಿನ ದೊಡ್ಡ ಹೂವಿನ ಜಾತಿಗೆ. ನಮ್ಮ ಅಜ್ಜಿಯರ ಕಾಲದ ಎಡ್ವರ್ಡ್ ಗುಲಾಬಿ, ಪನ್ನೀರು ಗುಲಾಬಿಗಳಿಗೆ ಇಷ್ಟು ಕಡಿತ ಬೇಡ. ಹೂವಿನ ಸರದಿ ಮುಗಿದ ಮೇಲೆ ತುದಿ ಸವರಿ, ವರ್ಷಕ್ಕೆ ಒಂದೆರಡು ಮುದಿ ಕಡ್ಡಿಯನ್ನು ಬುಡಕ್ಕೆ ತೆಗೆದರೆ ಸಾಕು. ಇವು ಸ್ವಂತ ಬೇರಿನ ಮೇಲೆ ನಿಂತವಾದರೆ ಕಳ್ಳ ಚಿಗುರಿನ ಕಾಟವೂ ಇಲ್ಲ. ಎಡ್ವರ್ಡ್ ಗುಲಾಬಿಯ ಕುಲ ಹಿಂದೂ ಮಹಾಸಾಗರದ ಬೂರ್ಬನ್ ದ್ವೀಪದ್ದು, ಇಂದಿನ ರಿಯೂನಿಯನ್. ಅರೇಬಿಕಾದ ಬೂರ್ಬನ್ ತಳಿಗೆ ಹೆಸರು ಬಂದದ್ದೂ ಆ ದ್ವೀಪದಿಂದಲೇ. ಕಾಫಿ ಬೆಳೆಗಾರನಿಗೆ ಅದು ನೆಂಟಸ್ತಿಕೆಯ ಗಿಡ ಎನ್ನಲಡ್ಡಿಯಿಲ್ಲ. ಕಪಾತಿನಲ್ಲಿ ಬಿದ್ದ ಸೀಸದ ಕಡ್ಡಿ ಗಾತ್ರದ, ಗೇಣುದ್ದದ, ರೋಗವಿಲ್ಲದ ತುಂಡುಗಳನ್ನು ನೆರಳಿನಲ್ಲಿ ಊರಿದರೆ ಬೇರು ಬಿಡುತ್ತವೆ. ಎಲ್ಲ ಜಾತಿಗೂ ಇದು ಆಗದು, ಇವಕ್ಕೆ ಆಗುತ್ತದೆ. ಮಳೆ ತಡೆಯುವ ಇಂಥ ಗಿಡ ಹಳೆಯ ಮನೆಗಳ ಬೇಲಿಯಲ್ಲಿ ಇರುವಾಗ ವರ್ಷವರ್ಷವೂ ವ್ಯಾನಿನ ಗಿಡಕ್ಕೆ ದುಡ್ಡು ಸುರಿಯುವುದೇಕೆ?

ಬಳ್ಳಿ ಗುಲಾಬಿಯ ಉದ್ದ ಕಡ್ಡಿಗಳನ್ನು ಕಡಿಯಬಾರದು. ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಉದ್ದಕ್ಕೂ ಕಣ್ಣು ಒಡೆಯುತ್ತದೆ. ಪಕ್ಕದ ಚಿಗುರುಗಳನ್ನು ಮಾತ್ರ ಎರಡು ಮೂರು ಕಣ್ಣಿಗೆ ಇಳಿಸಬೇಕು.

ಕಡಿದ ಮೇಲೆ

ಕಪಾತಾದ ವಾರಕ್ಕೆ ಗಿಡವೊಂದಕ್ಕೆ ಐದು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೊಂದು ಹಿಡಿ ಬೇವಿನ ಹಿಂಡಿ ಮತ್ತು ಮೂಳೆ ಪುಡಿ. ಹಸಿ ಕಾಫಿ ಸಿಪ್ಪೆ ಹಾಕಬಾರದು, ಕಳಿತದ್ದಾದರೆ ಒಳ್ಳೆಯದು. ಅಡಿಕೆ ಸಿಪ್ಪೆಯನ್ನು ಬೇಸಗೆಯಲ್ಲಿ ಬುಡಕ್ಕೆ ಮುಚ್ಚಿದರೆ ತೇವ ನಿಲ್ಲುತ್ತದೆ. ಯೂರಿಯಾ ಜಾಸ್ತಿಯಾದರೆ ಚಿಗುರು ಮೆದುವಾಗಿ ಹೇನಿಗೂ ಬೂದಿ ರೋಗಕ್ಕೂ ಆಹ್ವಾನ. ನೀರನ್ನು ಬೆಳಿಗ್ಗೆ ಬುಡಕ್ಕೆ ಕೊಡಬೇಕು, ಸಂಜೆ ಎಲೆಯ ಮೇಲೆ ಅಲ್ಲ.

ಗಿಡ ನಿಂತ ಜಾಗವನ್ನೂ ನೋಡಬೇಕು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಸೂರಿನ ಹನಿ ಬೀಳುವಲ್ಲಿ, ಹಲಸಿನ ನೆರಳಿನಲ್ಲಿ ಯಾವ ಕಪಾತೂ ಫಲಿಸದು. ಮರಗಸಿಯ ದಿನ ಅಂಗಳಕ್ಕೆ ನೆರಳು ಕೊಡುವ ಎರಡು ಕೊಂಬೆಯನ್ನೂ ಇಳಿಸಲು ಹೇಳಿದರೆ ಆಯಿತು.

ಹೂ ಕೊಯ್ಯುವುದೂ ಕಪಾತೇ. ಕತ್ತು ಹಿಡಿದು ಚಿವುಟಿದರೆ ತೊಟ್ಟು ಸೀಳಿ ಒಣಗುತ್ತ ಕೆಳಗಿಳಿಯುತ್ತದೆ. ಐದು ಎಲೆದಳವಿರುವ ಮೊದಲ ಗರಿಯ ಮೇಲೆ ಕತ್ತರಿಸಿದರೆ ಅಲ್ಲಿಂದ ಹೊಸ ಹೂ ರೆಂಬೆ ಬರುತ್ತದೆ. ಬಾಡಿದ ಹೂವನ್ನೂ ಹಾಗೆಯೇ ತೆಗೆಯಬೇಕು.

ಇಷ್ಟು ಮಾಡಿದ ಮೇಲೂ ಡಿಸೆಂಬರ್‌ನಿಂದ ಬೂದಿ ರೋಗ ಕಂಡರೆ ಮುತ್ತಿದ ತುದಿ ಚಿವುಟಿ, ಬೆಳಿಗ್ಗೆ ನೀರಿನ ರಭಸದಿಂದ ಎಲೆ ತೊಳೆಯುವುದು. ನಿಲ್ಲದಿದ್ದರೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ, ಬಿಸಿಲೇರುವ ಮೊದಲು. ಹೇನಿಗೆ ಮೊದಲು ನೀರು, ಆಮೇಲೆ ಸಾಬೂನು ಬೆರೆಸಿದ ಬೇವಿನೆಣ್ಣೆ. ಕಡ್ಡಿಗೆ ಅಂಟಿದ ಶಲ್ಕ ಕೀಟವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಮನೆಯ ಗಿಡಕ್ಕೆ ಇದಕ್ಕಿಂತ ದೊಡ್ಡ ಔಷಧಿ ಸಾಮಾನ್ಯವಾಗಿ ಬೇಕಾಗದು.

ಕತ್ತರಿ ಯಾರ ಕೈಯಲ್ಲಿ?

ಮನೆಯ ಗುಲಾಬಿಗೆ ನೀರು ಹಾಕುವವರು, ಎಲೆ ತಿರುಗಿಸಿ ನೋಡುವವರು ಹೆಂಗಸರು. ಕಪಾತು ಕತ್ತರಿ ಇರುವುದು ಉಗ್ರಾಣದಲ್ಲಿ, ಬೀಗದ ಕೈ ಯಜಮಾನರ ಸೊಂಟದಲ್ಲಿ. ಗೊಬ್ಬರದ ಲೆಕ್ಕದಲ್ಲಿ ಅಂಗಳಕ್ಕೆ ಬುಟ್ಟಿಯಿಲ್ಲ, ಆಳಿನ ಲೆಕ್ಕದಲ್ಲಿ ಅರ್ಧ ದಿನವಿಲ್ಲ. ಹೀಗಿರುವಾಗ ಅವರ ಪಾಲಿಗೆ ಉಳಿಯುವುದು ತೋಟದಿಂದ ಮಿಕ್ಕು ಬಂದ ಪಂಪು. ಅಂಗಳದ ವಿಷದ ಮೂಲ ಇಲ್ಲಿದೆ ಎಂದು ನಮಗೆ ತೋರುತ್ತದೆ. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ತೋಟಕ್ಕೆ ಯಂತ್ರ ಕೊಂಡವರು ಬಹಳ. ಅಂಗಳಕ್ಕೊಂದು ಒಳ್ಳೆಯ ಕತ್ತರಿ ಕೊಂಡವರನ್ನು ಬೆರಳಲ್ಲಿ ಎಣಿಸಬಹುದೇನೋ.

"ಮೊಗ್ಗಿರುವ ಗಿಡವನ್ನು ಕಡಿಯಬಾರದು, ಮನಸ್ಸು ಬಾರದು" ಎಂಬ ಮಾತನ್ನು ಹಿರಿಯ ಹೆಂಗಸರಿಂದ ಕೇಳುತ್ತೇವೆ. ಆ ಭಾವನೆಗೆ ನಮ್ಮ ಗೌರವವಿದೆ. ಮೊಗ್ಗನ್ನು ಕೊಯ್ದು ನೀರಿನ ಲೋಟದಲ್ಲಿಟ್ಟು, ಅದು ಅರಳುವಷ್ಟರಲ್ಲಿ ಗಿಡ ಕಡಿದರೆ ಎರಡೂ ಉಳಿಯುತ್ತವೆ. ಅಕ್ಟೋಬರಿನ ನಾಲ್ಕು ಮೊಗ್ಗಿನ ಮೋಹಕ್ಕೆ ಡಿಸೆಂಬರಿನ ನಲವತ್ತನ್ನು ಬಿಡುವುದು ಜಾಣತನವಲ್ಲ. ಗುಲಾಬಿಯ ಮಾತಿಗೆ ಸಂಘದ ಪುಟ ವ್ಯರ್ಥವೆನ್ನುವವರೂ ಇರಬಹುದು. ಕಪಾತು ಬಲ್ಲ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವಾಗ, ಮನೆಯ ಮಕ್ಕಳು ಕಣ್ಣು ನೋಡಿ ಕಡಿಯುವುದನ್ನು ಕಲಿಯಲು ಅಂಗಳದ ಗುಲಾಬಿಗಿಂತ ಅಗ್ಗದ ಪಾಠಶಾಲೆ ಇಲ್ಲ ಎಂಬುದು ಅವರಿಗೆ ನಮ್ಮ ಉತ್ತರ. ಕಾಫಿ ಗಿಡದ ಮೇಲೆ ಕೈ ತಪ್ಪಿದರೆ ಫಸಲು ಹೋಗುತ್ತದೆ. ಇಲ್ಲಿ ಒಂದು ಸರದಿ ಹೂವು ಹೋದೀತು.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ. ಮಳಿಗೆಯಲ್ಲಿ ಹೆಂಗಸರ ಕೈಗೆ ಹೊಂದುವ ಸಣ್ಣ ಕಪಾತು ಕತ್ತರಿಗಳನ್ನು ತರಿಸಿ, ಕೆಲವನ್ನು ಎರವಲಿಗೂ ಇಡಬೇಕು. ಅಕ್ಟೋಬರ್‌ನಲ್ಲಿ ಪ್ರತಿ ಶಾಖೆಯ ವ್ಯಾಪ್ತಿಯಲ್ಲಿ ಒಬ್ಬ ಸದಸ್ಯರ ಅಂಗಳದಲ್ಲಿ ಅರ್ಧ ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಿ, ಕತ್ತರಿಯನ್ನು ಮನೆಯ ಹೆಂಗಸರ ಕೈಗೇ ಕೊಟ್ಟು ಕಲಿಸಬೇಕು. ಊರ ಗುಲಾಬಿಯ ಕಡ್ಡಿ ಬದಲಾಯಿಸಿಕೊಳ್ಳಲೂ ಅದೇ ದಿನ ಅನುಕೂಲ. ಮೂರನೆಯದಾಗಿ, ಗುಲಾಬಿ ಎಲೆ ಹಿಡಿದು ಬಂದವರಿಗೆ ಡಬ್ಬಿ ಕೊಡುವ ಮುನ್ನ "ಹೋದ ವರ್ಷ ಕಪಾತು ಮಾಡಿದ್ದಿರಾ?" ಎಂದು ಮಳಿಗೆಯ ಸಿಬ್ಬಂದಿ ಕೇಳಬೇಕು. ವ್ಯಾಪಾರ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಸಂಘ ಇರುವುದು ಸದಸ್ಯರ ಮನೆ ಚೆನ್ನಾಗಿರಲೆಂದು.

ಮಂಡಳಿ ನಿರ್ಧರಿಸುವ ತನಕ ಸದಸ್ಯರು ಕಾಯಬೇಕಾಗಿಲ್ಲ. ತುಲಾ ಸಂಕ್ರಮಣ ಕಳೆದ ಮೊದಲ ಹೊಳವಿನಲ್ಲಿ ಕತ್ತರಿಯನ್ನು ಉಗ್ರಾಣದಿಂದ ಹೊರಗೆ ತಂದು, ಸಾಣೆ ಹಿಡಿಸಿ, ಮನೆಯವರ ಕೈಗೆ ಕೊಡಿ. ಜೊತೆಗೆ ಹತ್ತು ಬುಟ್ಟಿ ಗೊಬ್ಬರವನ್ನೂ ಅಂಗಳಕ್ಕೆ ಹೊರಿಸಿ.